ವೆಲ್ಮಾ ಕೇಳುವ ಮೊದಲ ಪ್ರಶ್ನೆ

ಯಾರ ತಲೆ ಮುಟ್ಟುವ ಮುನ್ನವೂ ವೆಲ್ಮಾ ಕ್ರಚರ್ ಒಂದು ಪ್ರಶ್ನೆ ಕೇಳುತ್ತಾಳೆ: "ಇವತ್ತು ಬೆಳಿಗ್ಗೆ ಎಣ್ಣೆ ಹಚ್ಚಿದ್ದು ಯಾರು?"

ಹಚ್ಚಿದ್ದೀರಾ ಎಂದಲ್ಲ, ಹಚ್ಚಿದ್ದು ಯಾರು ಎಂದು. ಅಮೆರಿಕದ ಮೆಂಫಿಸ್‌ನ ನಮ್ಮ ಕರಿಯರ ಓಣಿಗಳಲ್ಲಿ ಸಲೂನಿಗೆ ಹೊರಟ ಹೆಣ್ಣು ಒಣ ನೆತ್ತಿಯಲ್ಲಿ ಹೊರಡುವುದಿಲ್ಲ. ನಾಲ್ಕು ಜನರ ಎದುರು ಮರ್ಯಾದೆ ಹೋಗಬಾರದೆಂದು ಅಮ್ಮನೋ ಅತ್ತೆಯೋ ಅಕ್ಕನೋ ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಒಂದು ಬೆರಳಷ್ಟು ಜಿಡ್ಡು ಸವರಿಯೇ ಕಳಿಸುತ್ತಾರೆ. ಹಚ್ಚಿದ್ದೀರಾ ಎಂದರೆ ಬೈಸಿಕೊಳ್ಳಬಾರದೆಂದು ಎಲ್ಲರೂ ಇಲ್ಲವೆನ್ನುತ್ತಾರೆ. ಯಾರು ಎಂದರೆ ಮಾತ್ರ ಬಾಯಿಂದ ಹೆಸರು ಜಾರುತ್ತದೆ.

ನಾನು ಹನ್ನೊಂದು ವರ್ಷದಿಂದ ಸಲೂನಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವವಳು. ಅವಳಿಗೆ ಅಲ್ಲಿ ಮೂವತ್ತೊಂದು ವರ್ಷ. ಅದಕ್ಕೂ ಮುಂಚೆ, ಒಂಬತ್ತನೇ ವಯಸ್ಸಿನಿಂದ, ಪ್ರತಿ ಶನಿವಾರ ನಾಲ್ವರು ತಂಗಿಯರ ತಲೆ ತೊಳೆದು, ಸಿಕ್ಕು ಬಿಡಿಸಿ, ಭಾನುವಾರದ ಚರ್ಚಿಗೆ ಅಣಿ ಮಾಡುತ್ತಿದ್ದವಳು. ಅಣ್ಣಂದಿರು ಆ ಹೊತ್ತಿನಲ್ಲಿ ಹೊರಗೆ ಚೆಂಡಾಡುತ್ತಿದ್ದರು. ಅವರು ಆಡಿದ್ದು ಆಟವೆನಿಸಿತು. ಇವಳು ಮಾಡಿದ್ದು ಏನೂ ಅನ್ನಿಸಿಕೊಳ್ಳಲಿಲ್ಲ. ಮುಂದೆ ಕೇಶವಿನ್ಯಾಸ ಶಾಲೆಗೆ ಸೇರಿದಾಗ ಅಲ್ಲಿದ್ದ ಅಭ್ಯಾಸದ ಗೊಂಬೆಗಳಿಗೆಲ್ಲ ರೇಷ್ಮೆಯಂಥ ನೆಟ್ಟನೆ ಕೂದಲು. ತನ್ನಂಥ ತಲೆಯ ಮೇಲೆ ಒಂದು ಪಾಠವನ್ನೂ ಕೇಳದೆ ಪಾಸಾಗಿ ಬಂದಳು.

ಕೂದಲು ಹೇಳಿದಂತೆ ನಿಲ್ಲಲೆಂದು ಹಚ್ಚುವ ಮೂಸ್ ಎಂಬ ನೊರೆಯ ಬಳಕೆಯನ್ನು ಅವಳು ತಾನೇ ಕಲಿತಳು. ತೆಳು ಕೂದಲಿಗೆ ಕೋಳಿಮೊಟ್ಟೆಯಷ್ಟು ನೊರೆ ಸಾಕು. ಅದೂ ಬುಡಕ್ಕೆ ಮಾತ್ರ, ತುದಿಗೆ ಹೋದರೆ ಕೂದಲು ಜೋತು ಬೀಳುತ್ತದೆ. ಅಲೆಗೂದಲಿಗೆ ಕಿತ್ತಳೆಯಷ್ಟು, ತುದಿಯಿಂದ ಮೇಲಕ್ಕೆ ಮುಷ್ಟಿಯಲ್ಲಿ ಹಿಂಡುತ್ತ. ನಮ್ಮಂಥ ಬಿಗಿ ಸುರುಳಿಗೆ ನೀರು ತೊಟ್ಟಿಕ್ಕುತ್ತಿರುವಾಗಲೇ ಭಾಗ ಭಾಗ ಮಾಡಿ ಧಾರಾಳವಾಗಿ ಹಚ್ಚಬೇಕು. ಆಮೇಲೆ ಪೂರ್ತಿ ಒಣಗುವ ತನಕ ಬೆರಳು ಸೋಕಿಸಕೂಡದು. ಬಣ್ಣ ಹಾಕಿಸಿದ ಕೂದಲಾದರೆ ಮೂಗು ಚುರುಗುಟ್ಟಿಸುವ ಡಬ್ಬಿ ಬೇಡ. ಅದರಲ್ಲಿ ಸ್ಪಿರಿಟ್ ಇರುತ್ತದೆ, ಕೂದಲನ್ನು ಒಣಹುಲ್ಲು ಮಾಡುತ್ತದೆ. ಹೊಸ ಹುಡುಗಿಯರಿಗೆಂದು ಇದನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಬೇಸಿನ್ನಿನ ಪಕ್ಕ ಅಂಟಿಸಿದ್ದಳು.

ನಮ್ಮ ಸಲೂನಿನ ಮಾಲೀಕ ಡೆಸ್ಮಂಡ್ ಹೇಲ್ ಆ ರಟ್ಟನ್ನು ಒಯ್ದು ಹೊಳೆಯುವ ಕಾರ್ಡು ಮಾಡಿಸಿ ತಂದ. ಮೇಲೆ ದಪ್ಪ ಅಕ್ಷರದಲ್ಲಿ: ಡೆಸ್ಮಂಡ್ ಹೇಲ್ ವಿಧಾನ.

"ನನ್ನ ಹೆಸರೆಲ್ಲಿ?" ಎಂದಳು ವೆಲ್ಮಾ.

"ಹೆಸರು ಹಾಕೋಕೆ ಇದರಲ್ಲಿ ಏನಿದೆ ವೆಲ್ಮಾ? ಹೆಂಗಸರೆಲ್ಲ ಮನೇಲಿ ಮಾಡೋದೇ ಅಲ್ವಾ?"

"ಹಂಗಾದ್ರೆ ನಿಮ್ಮ ಹೆಸರು ಯಾಕೆ ಹಾಕಿದ್ರಿ? ನೀವು ಯಾವ ಮನೇಲಿ ಮಾಡಿದ್ರಿ?"

ಅವನು ನಕ್ಕುಬಿಟ್ಟ. ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಈಸ್ಟರ್‌ಗೆ ಎರಡು ವಾರವಿದ್ದಾಗ ಅದೇ ಕೇಶವಿನ್ಯಾಸ ಶಾಲೆಯವರಿಗೆ ಬುದ್ಧಿ ಬಂತು. ಸುರುಳಿಗೂದಲಿನ ಪಾಠಕ್ಕೆ ಒಬ್ಬ ಶಿಕ್ಷಕರು ಬೇಕೆಂದರು. ಚರ್ಚಿನ ಸಭಾಂಗಣದಲ್ಲಿ ಚೆನ್ನಾಗಿ ಮಾಡಿ ತೋರಿಸಿದವರನ್ನು ಆರಿಸುತ್ತೇವೆಂದರು. ವೆಲ್ಮಾ ಬದುಕಿನಲ್ಲಿ ಆಸೆಪಟ್ಟು ಕೇಳಿದ ಕೆಲಸ ಅದೊಂದೇ. ಡೆಸ್ಮಂಡ್ ಸಲೂನಿನ ಪರವಾಗಿ ತನ್ನ ಹೆಸರನ್ನೇ ಕಳಿಸಿದ. ಅವಳನ್ನು ಟವಲ್ ಮಡಚಲು ಕರೆದೊಯ್ದ.

ಸುಮಾರು ಅರವತ್ತು ಹೆಂಗಸರು ಸೇರಿದ್ದರು. ಕುರ್ಚಿಯಲ್ಲಿ ಕೂತವರು ಚರ್ಚಿನ ಗಾಯನ ಮೇಳ ನಡೆಸುವ ಸಿಸ್ಟರ್ ಐನೆಜ್. ಸನ್ಯಾಸಿನಿಯಲ್ಲ, ನಮ್ಮ ಚರ್ಚಿನಲ್ಲಿ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತೇವೆ. ಡೆಸ್ಮಂಡ್ ಕಾರ್ಡಿನಲ್ಲಿದ್ದುದನ್ನು ಒಂದಕ್ಷರ ಬಿಡದೆ ಮಾಡಿದ. ತೊಟ್ಟಿಕ್ಕುವಷ್ಟು ನೀರು ಚಿಮುಕಿಸಿ, ಭಾಗ ಮಾಡಿ, ನೊರೆ ಹಚ್ಚಿ, ಸುರುಳಿ ಸುತ್ತಿ, ಡ್ರೈಯರ್ ಕೆಳಗೆ ಕೂರಿಸಿದ. ನಲವತ್ತು ನಿಮಿಷದ ಮೇಲೆ ಬಿಚ್ಚಿ ಬೆರಳಾಡಿಸಿದರೆ ಅವರ ಕಪ್ಪು ಅಂಗಿಯ ಹೆಗಲ ಮೇಲೆಲ್ಲ ಬಿಳಿ ಪುಡಿ ಉದುರಿತು.

ಹೆಂಗಸರು ಪಿಸುಗುಟ್ಟಿದರು. ಡೆಸ್ಮಂಡ್ ಗಂಟಲು ಸರಿಮಾಡಿಕೊಂಡು, "ಸಿಸ್ಟರ್ ತಲೇಲಿ ಹೊಟ್ಟು ಇತ್ತು ಅಂತ ಕಾಣುತ್ತೆ. ವೆಲ್ಮಾ, ಬಾ, ಸ್ವಲ್ಪ ತೊಳೆದುಬಿಡು" ಎಂದ.

ಅರವತ್ತು ಜನರ ಮುಂದೆ. ಆ ಹಿರಿಯ ಹೆಂಗಸು ತಲೆ ತಗ್ಗಿಸಿ ಅಂಗಿ ಕೊಡವಿಕೊಳ್ಳುತ್ತಿದ್ದರು.

ವೆಲ್ಮಾ ಮುಂದೆ ಹೋದಳು. ಆದರೆ ನೇರ ತೊಳೆಯಲಿಲ್ಲ. ಅವರ ಪಕ್ಕ ಬಗ್ಗಿ ಎಲ್ಲರಿಗೂ ಕೇಳುವಂತೆ, "ಸಿಸ್ಟರ್, ಬೆಳಿಗ್ಗೆ ಎಣ್ಣೆ ಹಚ್ಚಿದ್ದು ಯಾರು?" ಎಂದಳು.

"ನನ್ನ ತಂಗಿ ಕಣಮ್ಮಾ. ಸ್ಟೇಜ್ ಮೇಲೆ ಕೂರ್ತೀಯ, ನೆತ್ತಿ ಬೂದಿಬೂದಿ ಕಾಣಬಾರದು ಅಂದ್ಲು."

"ಹೊಟ್ಟೂ ಇಲ್ಲ ಏನೂ ಇಲ್ಲ. ಎಣ್ಣೆ ಮೇಲೆ ನೊರೆ ಕೂರಲ್ಲ, ಒಣಗಿ ಉದುರುತ್ತೆ. ಎರಡು ಸಲ ತೊಳೀಬೇಕಿತ್ತು, ಇವರು ನೀರು ಚಿಮುಕಿಸಿದ್ರು. ತಪ್ಪು ನಿಮ್ಮ ತಂಗೀದಲ್ಲ."

ಶಾಲೆಯಿಂದ ಬಂದಿದ್ದ ಹೆಂಗಸು ಕಾರ್ಡು ತಿರುವಿ ನೋಡಿದಳು. "ಈ ಪ್ರಶ್ನೆ ಇದರಲ್ಲಿ ಇಲ್ವಲ್ಲ?"

"ಹೊಸ ಹುಡುಗೀರಿಗೆ ಬರೆದಿದ್ದು ಅದು. ಇದನ್ನ ಅವರ ಅಮ್ಮಂದಿರೇ ಕಲಿಸಿರ್ತಾರೆ ಅಂತ ಬಿಟ್ಟೆ," ಎಂದಳು ವೆಲ್ಮಾ. "ಹೆಂಗಸರೆಲ್ಲ ಮನೇಲಿ ಮಾಡೋದೇ ಅಲ್ವಾ."

ಮೊದಲು ನಕ್ಕವರು ಸಿಸ್ಟರ್ ಐನೆಜ್. ಆಮೇಲೆ ಇಡೀ ಸಭಾಂಗಣ.

"ಹಾಗಾದ್ರೆ ಬರೆದಿದ್ದು ನೀವಾ?" ಎಂದು ಶಾಲೆಯವಳು ಕೇಳಿದಳು.

"ಸಲೂನಿನಲ್ಲಿ ಎಲ್ಲ ಸೇರಿ..." ಎಂದು ಡೆಸ್ಮಂಡ್ ಶುರುಮಾಡಿದ.

"ನಾನೇ," ಎಂದಳು ವೆಲ್ಮಾ. ನಾನೂ ಎದ್ದು ನಿಂತು ಹೌದು ಎಂದೆ. ನನ್ನ ಕುರ್ಚಿ ಹೋದರೆ ಹೋಗಲಿ ಅನ್ನಿಸಿತು.

ಶಾಲೆಯವಳು ಯೋಚಿಸಿ ಯೋಚಿಸಿ ಕೊಟ್ಟ ತೀರ್ಪೇನು ಗೊತ್ತೇ? ಪಾಠ ಹೇಲ್ ಅವರದೇ ಇರಲಿ, ವೆಲ್ಮಾ ಸಹಾಯಕಿಯಾಗಿ ಬರಲಿ.

"ಪಾಠ ನಾನು ಮಾಡ್ತೀನಿ," ಎಂದಳು ವೆಲ್ಮಾ, ಸಿಸ್ಟರ್ ಐನೆಜ್ ಅವರ ತಲೆಗೆ ಬೆಚ್ಚನೆ ನೀರು ಬಿಡುತ್ತ. "ಟವಲ್ ಮಡಚೋಕೆ ಬರ್ತಾರಾದ್ರೆ ಅವರೂ ಬರಲಿ."

ಶಾಲೆಯವಳು ಕೊನೆಗೆ ಒಪ್ಪಿದಳು. ಡೆಸ್ಮಂಡ್ ಟವಲ್ ಮಡಚಲು ಹೋಗಲಿಲ್ಲ. ಮೇ ತಿಂಗಳಿಂದ ಮಂಗಳವಾರದ ಪಾಠ ವೆಲ್ಮಾಳದು. ತರಗತಿಯ ಬಾಗಿಲ ಮೇಲೆ ಅವಳ ಹೆಸರಿದೆ. ಇಷ್ಟಾದರೂ ಡೆಸ್ಮಂಡ್ ಬಂದವರ ಬಳಿಯೆಲ್ಲ, "ನಮ್ಮ ವೆಲ್ಮಾಗೆ ಎಲ್ಲ ಕಲಿಸಿದ್ದೇ ನಾನು" ಎನ್ನುತ್ತಾನೆ, ಕೇಳಿದವರು ತಲೆದೂಗುತ್ತಾರೆ.

ಆ ಹೊಳೆಯುವ ಕಾರ್ಡುಗಳು ಸಲೂನಿನ ಹಿಂದಿನ ಕೋಣೆಯಲ್ಲಿ ಇನ್ನೂ ರಾಶಿ ಬಿದ್ದಿವೆ. ಬಿಡುವಾದಾಗ ನಾನು ಹತ್ತಿಪ್ಪತ್ತು ತೆಗೆದುಕೊಂಡು ಕೂತು, ಅವನ ಹೆಸರು ಹೊಡೆದು ಅವಳ ಹೆಸರು ಬರೆಯುತ್ತೇನೆ. ಕೆಳಗೆ ಆ ಪ್ರಶ್ನೆಯನ್ನೂ. ಇನ್ನೂ ಎರಡು ಪೆಟ್ಟಿಗೆ ಬಾಕಿ ಇವೆ.