ಹಂಗೇರಿಯ ಬಿಷಪ್ಪರ ತಮ್ಮಂದಿರು

ಆಸ್ಟಿನ್‌ನಲ್ಲಿ ನನ್ನ ಪಿಎಚ್.ಡಿ.ಯ ಎರಡನೇ ವರ್ಷದ ಲೆಕ್ಕ ಹೀಗಿತ್ತು: ಮಧ್ಯಯುಗದ ಹಂಗೇರಿಯ ಬಿಷಪ್ಪರು ಮೂವತ್ತೊಂದು ಮಂದಿ, ಅವರ ಬಗ್ಗೆ ನಾನು ಓದಿದ ದಾನಪತ್ರಗಳು ಇನ್ನೂರ ಆರು, ನನ್ನ ಪಟ್ಟಿಯ ‘ಕುಟುಂಬ’ ಎಂಬ ಅಂಕಣದಲ್ಲಿ ಬರೆದದ್ದು ಏನೂ ಇಲ್ಲ. ಆ ಖಾಲಿ ಅಂಕಣವನ್ನೇ ನಾನು ಸಿದ್ಧಾಂತ ಎಂದು ಕರೆಯುತ್ತಿದ್ದೆ. ಇವರೆಲ್ಲ ದೊಡ್ಡ ಜಮೀನುದಾರರ ಮನೆತನದಲ್ಲಿ ಹುಟ್ಟಿದವರೇ. ಆದರೆ ದೀಕ್ಷೆಯಾದ ಮೇಲೆ ಮನೆಯ ನಂಟು ಕಡಿಯಿತು ಎಂದು, ಯಾವ ಪುಸ್ತಕವನ್ನೂ ಕೇಳದೆ, ತೀರ್ಮಾನಿಸಿದ್ದೆ. ಸ್ವಾಮಿಗಳ ಪೂರ್ವಾಶ್ರಮವನ್ನು ವಿಚಾರಿಸಬಾರದೆಂದು ಮೈಸೂರಿನಲ್ಲಿ ಬೆಳೆದ ನನಗೆ ಗೊತ್ತು. ಹಂಗೇರಿಯವರಿಗೂ ಅದೇ ಮರ್ಯಾದೆ ಸಲ್ಲಿಸಿದೆ. ಪತ್ರಗಳಲ್ಲಿ ಅಣ್ಣ, ತಮ್ಮ, ತಮ್ಮನ ಮಗ ಬಂದಾಗಲೆಲ್ಲ ಆ ಸಾಲುಗಳನ್ನು ‘ಬೇಡವಾದದ್ದು’ ಎಂಬ ಫೈಲಿಗೆ ಸಾಗಿಸಿದೆ.

ಸೆಪ್ಟೆಂಬರ್‌ನಲ್ಲಿ ಡಲ್ಲಾಸ್‌ನ ಒಂದು ವಿದ್ಯಾರ್ಥಿ ಗೋಷ್ಠಿಯಲ್ಲಿ ಇದನ್ನೇ ಹದಿನೈದು ನಿಮಿಷ ಮಂಡಿಸಿದೆ. ನನ್ನ ಗೈಡ್ ಬಂದಿರಲಿಲ್ಲ. ಕೇಳಿದವರು ಏಳು ಮಂದಿ, ಪ್ರಶ್ನೆಗಳು ಸೊನ್ನೆ. ಯಾರಿಗೂ ತಪ್ಪು ಸಿಗಲಿಲ್ಲವೆಂದು ಡೈರಿಯಲ್ಲಿ ಬರೆದುಕೊಂಡೆ. ನಿದ್ದೆ ಹೋದವರು ಇಬ್ಬರು ಎಂದು ಅದರ ಕೆಳಗೇ ಇದೆ.

ಅಕ್ಟೋಬರ್‌ನ ಮೂರನೇ ಶುಕ್ರವಾರ ಗೈಡ್ ಜೊತೆ ಭೇಟಿ. ಇದೇ ವಿಷಯದಲ್ಲಿ ಮುಂದುವರಿಯಬಹುದೋ, ಬೇರೆಯದನ್ನು ಹುಡುಕಬೇಕೋ ಎಂದು ಅವರು ಅಂದು ಹೇಳುವವರಿದ್ದರು. ಅದಕ್ಕೆ ಮುಂಚಿನ ಭಾನುವಾರ, ಆಸ್ಟಿನ್ ಹೊರಗಿನ ಲಿಯಾಂಡರ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಆಂಟಿಯನ್ನು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಕರೆದೊಯ್ದೆ. ಹುಬ್ಬಳ್ಳಿಯವರು, ಜೋಳದ ಹಿಟ್ಟು ಅಲ್ಲಿನ ಅಂಗಡಿಯದೇ ಆಗಬೇಕು. ಮೂರು ಗಂಟೆಯ ದಾರಿಯುದ್ದಕ್ಕೂ ನನ್ನ ಸಂಶೋಧನೆ ವಿವರಿಸಿದೆ. ಓಡುವ ಕಾರಿನಿಂದ ಅವರು ಇಳಿಯುವಂತಿರಲಿಲ್ಲ.

“ಅಷ್ಟ್ ಮಂದಿಗೂ ಅಣ್ಣತಮ್ಮಂದಿರು ಇದ್ದಿಲ್ಲೇನವ್ವಾ?” ಎಂದು ಕೇಳಿದರು.

ಸನ್ಯಾಸಿಗೆ ಎಲ್ಲಿಯ ಅಣ್ಣತಮ್ಮಂದಿರು, ಅದೆಲ್ಲ ಪೂರ್ವಾಶ್ರಮ ಎಂದು ನಾನು ಚಿಕ್ಕ ಮಕ್ಕಳಿಗೆ ಹೇಳುವಂತೆ ಹೇಳಿದೆ.

“ನಮ್ಮ ದೊಡ್ಡಪ್ಪ ಸ್ವಾಮಿ ಆದ್ರು. ತಿರುಗಿ ಮನಿ ಹೊಸ್ತಿಲಾ ತುಳೀಲಿಲ್ಲ, ಖರೇ. ಆದ್ರ ನಾವು ಆರೂ ಮಕ್ಕಳು ಮಠದ ಸಾಲ್ಯಾಗ ಓದಿದ್ವಿ. ಸೀಟ್ ಯಾರ್ ಕೊಡ್ಸಿದ್ರಂತ ತಿಳ್ಕೊಂಡಿ?”

ಹೆದ್ದಾರಿಯಿಂದ ಇಳಿಯಬೇಕಾಗಿದ್ದ ಎಕ್ಸಿಟ್ಟನ್ನು ದಾಟಿ ಮುಂದೆ ಹೋಗಿಬಿಟ್ಟೆ.

ಮರುದಿನ ‘ಬೇಡವಾದದ್ದು’ ಫೈಲ್ ತೆರೆದೆ. ರಾಜನು ಹಳ್ಳಿಗಳನ್ನು ಬಿಷಪ್ಪನಿಗೂ ಅವನ ತಮ್ಮಂದಿರಿಗೂ ಸೇರಿಸಿಯೇ ಕೊಟ್ಟಿದ್ದ. ಇನ್ನೊಬ್ಬ ಬಿಷಪ್ಪ ತಮ್ಮನ ಮಗನನ್ನು ತನ್ನ ಇಗರ್ಜಿಯ ಹುದ್ದೆಯಲ್ಲೇ ಕೂರಿಸಿದ್ದ. ಮೂವತ್ತೊಂದರಲ್ಲಿ ಇಪ್ಪತ್ನಾಲ್ಕು ಮಂದಿಗೆ ನೆಂಟರು ಸಿಕ್ಕರು. ಸಂಶೋಧನೆಯ ತಿರುಳನ್ನೆಲ್ಲ ನಾನೇ ಆರಿಸಿ, ದಿನಾಂಕ ಹಾಕಿ, ಅಚ್ಚುಕಟ್ಟಾಗಿ ಕಸಕ್ಕೆ ಹಾಕಿದ್ದೆ.

ಶುಕ್ರವಾರ ಗೈಡ್ ಪಟ್ಟಿಯನ್ನು ತಿರುವಿದರು; ಹಿಂದೆ ಅವರು ಖಾಲಿ ನೋಡಿದ್ದ ಅಂಕಣದಲ್ಲಿ ಈಗ ಇಪ್ಪತ್ನಾಲ್ಕು ಸಾಲುಗಳಿದ್ದವು. ಕುಟುಂಬದ ಅಂಕಣವನ್ನು ಅವಸರದಲ್ಲಿ ತುಂಬುವವರೇ ಹೆಚ್ಚು, ನೀನು ತಾಳ್ಮೆಯಿಂದ ಕಾದಿದ್ದೀಯ, ನಿನ್ನ ವಿಷಯ ಇರುವುದೇ ಅಲ್ಲಿ, ಮುಂದುವರಿಸು ಎಂದರು. ಕಾದಿರಲಿಲ್ಲ, ಬೇಡವೆಂದೇ ಬಿಟ್ಟಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಲೆ ಹೌದೆಂದು ಆಡಿಬಿಟ್ಟಿತ್ತು.

ಆ ದಿನದ ಡೈರಿ: ವಿಷಯ ಉಳಿಯಿತು. ಭೇಟಿ, ಇಪ್ಪತ್ತು ನಿಮಿಷ. ಸುಳ್ಳು, ಒಂದು. ಬಾಯಿಂದ ಬಂದದ್ದಲ್ಲವಾದ್ದರಿಂದ ಅದನ್ನು ಅರ್ಧ ಎಂದು ತಿದ್ದಿ, ಮತ್ತೆ ಒಂದು ಮಾಡಿದೆ.