ಅಜ್ಜಿ ಕೈ ತೋರಿಸಿದ ಗುಡಿ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಸೊರಬದಿಂದ ಬಸ್ಸು ಹತ್ತಿ ಅಂಜನಾಪುರದ ಹತ್ತಿರದ ಅಜ್ಜಿಯ ಊರಿಗೆ ಹೋಗುತ್ತಿದ್ದೆವು. ಚೌಕಾಬಾರ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ, ಇಷ್ಟಿದ್ದರೆ ನನಗೆ ಸಾಕಿತ್ತು. ಐದನೇ ಕ್ಲಾಸು ಮುಗಿದ ವರ್ಷ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ತೀರಿಹೋಗಿದ್ದ ಅಜ್ಜನ ಹೊಲವನ್ನು ಅಪ್ಪನ ಹೆಸರಿಗೆ ಮಾಡಿಸಬೇಕಿತ್ತು. ಪಹಣಿಯಲ್ಲಿ ಅಜ್ಜನ ಹೆಸರು ಹನುಮಂತಪ್ಪ. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ತಂದೆ ಈಶ್ವರಪ್ಪ! "ಯಾರ ಮಗ ಅಂತ ಮೊದ್ಲು ತೀರ್ಮಾನ ಮಾಡ್ಕೊಂಡು ಬರ್ರಿ" ಎಂದು ಶಿಕಾರಿಪುರದ ತಾಲ್ಲೂಕು ಕಚೇರಿಯಲ್ಲಿ ಯಾರೋ ನಕ್ಕರಂತೆ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನುಸಿಗುಳಿಗೆಯ ವಾಸನೆಯ ಟ್ರಂಕನ್ನೆಲ್ಲ ಕೆದಕಿದೆ. ಏನೂ ಸಿಗದೆ ಅಜ್ಜಿಯ ಬೆನ್ನು ಹತ್ತಿದೆ.

"ಅಜ್ಜನ ಹೆಸರು ಯಾವ್ದು? ನೀನೇ ಹೇಳಿಬಿಡಜ್ಜಿ."

"ಗಂಡನ ಹೆಸರು ಬಾಯಾಗೆ ಹೇಳ್ತಾರೇನೆ ಹುಡುಗಿ?"

"ಅಪ್ಪನ್ನ ಶಾಲೆಗೆ ಸೇರ್ಸಿದ್ದು ಯಾರು ಹಂಗಾರೆ?"

"ನಾನೇ. ನಿಮ್ಮಜ್ಜಗೆ ಜ್ವರ. ಮೇಷ್ಟ್ರು ಹೆಸರು ಕೇಳಿದ್ರು, ಹೆಂಗೆ ಹೇಳ್ಲಿ? ಆ ದೇವ್ರ ಹೆಸರು ಅಂತ ಗುಡಿ ಕಡೆ ಕೈ ತೋರಿಸಿದೆ."

ಅಜ್ಜಿಯನ್ನು ಶಾಲೆಯ ಬಾಗಿಲಿಗೇ ಎಳೆದುಕೊಂಡು ಹೋದೆ. ಅಂದಿನಂತೆಯೇ ಕೈ ಚಾಚಿದಳು. ಅಲ್ಲಿಂದ ಕಂಡದ್ದು ಕೆರೆ ಏರಿಯ ಮೇಲಿನ ಈಶ್ವರನ ಗುಡಿಯ ಗೋಪುರ. ಹನುಮಂತನ ಪುಟ್ಟ ಹಂಚಿನ ಗುಡಿ ಅದರ ಮುಂದೆಯೇ ಇತ್ತು, ಆದರೆ ಅರಳಿಮರದ ಮರೆಯಲ್ಲಿ. ಊರಿಗೆ ಹೊಸಬರಾಗಿದ್ದ ಮೇಷ್ಟರಿಗೆ ಅದು ಕಾಣಿಸಿರಲಿಕ್ಕಿಲ್ಲ.

ಓದು ಬಾರದ ಅಜ್ಜಿ ಮೆಟ್ಟಿಲ ಮೇಲೆ ಕೂತಳು. "ನನ್ನ ಮಗಂಗೆ ಬ್ಯಾರೆ ಅಪ್ಪನ್ನ ಬರೆಸಿಬಿಟ್ನಾ?"

ಮರುದಿನ ನನ್ನನ್ನೂ ಕರೆದುಕೊಂಡು ತಾನೇ ಶಿಕಾರಿಪುರಕ್ಕೆ ಹೊರಟಳು. "ಯಜಮಾನ್ರ ಹೆಸರು ಹೇಳ್ರಿ ಅಮ್ಮ" ಎಂದು ಕಚೇರಿಯವರು ಕೇಳಿದಾಗ ಸೆರಗನ್ನು ತಲೆ ತುಂಬ ಹೊದ್ದು, ಕಣ್ಣು ಮುಚ್ಚಿ, "ಹನುಮಂತಪ್ಪ" ಎಂದಳು. ಗಟ್ಟಿಯಾಗಿ, ಒಂದೇ ಸಲ. ಊರಿಗೆ ಬಂದು ಬಸ್ಸಿಳಿದವಳು ನೇರ ಹಂಚಿನ ಗುಡಿಗೆ ಹೋಗಿ ಕೈಮುಗಿದು ನಿಂತಳು. ಅಪ್ಪನ ಕೆಲಸ ಆಯಿತು, ನನಗೆ ಗೆದ್ದ ಹೆಮ್ಮೆ.

ಈಗ ನಮ್ಮ ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ. ಅಜ್ಜನ ಹೆಸರಿಗೆ ಬೇಕಾದಷ್ಟು ಕಾಗದಗಳಿವೆ. ಅಜ್ಜಿಯ ತಾಯಿಯ ಹೆಸರು ಮಾತ್ರ ಎಲ್ಲೂ ಇಲ್ಲ. ಅಜ್ಜಿಯ ತವರು ಕುಬಟೂರಿಗೆ ಮೂರು ಸಲ ಹೋಗಿಬಂದೆ. ಈಗ ಅಜ್ಜಿಯೂ ಇಲ್ಲ, ಬಲ್ಲವರು ಯಾರೂ ಉಳಿದಿಲ್ಲ. ಮನಸ್ಸಿಗೆ ಸಮಾಧಾನವೇ ಇಲ್ಲ. ಆ ಬೇಸಿಗೆಯಿಡೀ ಅಜ್ಜಿ ನನ್ನೆದುರಿಗೇ ಇದ್ದಳು, ನಾನು ಕೇಳಿದ್ದೆಲ್ಲ ಅಜ್ಜನ ಹೆಸರನ್ನೇ. ತಾಯಿಯ ಹೆಸರನ್ನು ಕೇಳಿದ್ದರೆ ಸೆರಗು ಹೊದೆಯದೆ, ಕಣ್ಣು ಮುಚ್ಚದೆ ಹೇಳಿಬಿಡುತ್ತಿದ್ದಳು.