ಕನ್ನಡ ಸಂಘದ ಮೂರನೆಯ ಅಭ್ಯರ್ಥಿ

ಪಕ್ಷೇತರರನ್ನು ನಂಬಬಾರದು ಎಂದು ನನಗೆ ಹೇಳಿಕೊಟ್ಟವರು ಅಪ್ಪ. ನಮ್ಮೂರಿನಲ್ಲಿ ಚುನಾವಣೆ ಎಂದರೆ ಎರಡೇ ಪಕ್ಷ. ಮೂರನೆಯವನೊಬ್ಬ ನಾಮಪತ್ರ ಹಾಕಿದರೆ ಅಪ್ಪ ಪೇಪರ್ ಮಡಿಸಿ, "ಇವ್ನನ್ನ ನಿಲ್ಸಿದ್ದು ಯಾರು?" ಎನ್ನುತ್ತಿದ್ದರು. ಅವನು ತಾನಾಗಿಯೇ ನಿಂತಿರಬಹುದು ಎಂಬುದು ಅವರ ತಲೆಗೇ ಹೋಗುತ್ತಿರಲಿಲ್ಲ. ನನಗೂ ಅದೇ ಬುದ್ಧಿ. ಇಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿ ಚುನಾವಣೆಯ ಹೊತ್ತಿಗೆ ಪ್ರತಿ ಪಕ್ಷವೂ ಚೌಕದಲ್ಲಿ ಒಂದು ಮರದ ಗೂಡು ಕಟ್ಟಿ ಕಾಫಿ ಕೊಡುತ್ತದೆ. ಪಕ್ಷ ಎಷ್ಟಿದ್ದರೂ ಕೊನೆಗೆ ಬಣ ಎರಡೇ. ಪುಟ್ಟ ಪಕ್ಷದವರ ಕಾಫಿ ಕುಡಿಯುತ್ತಲೇ ನಾನು, ಇವರು ಯಾವ ಕಡೆ ವಾಲುವವರೋ ಎಂದು ಮುಖ ನೋಡುತ್ತಿರುತ್ತೇನೆ.

ಅಂಥ ನಾನೇ ಕಳೆದ ವರ್ಷ ನಮ್ಮ ಕನ್ನಡ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂರನೆಯವಳಾಗಿ ನಿಂತೆ.

ಸಂಘದಲ್ಲಿ ಎರಡು ಗುಂಪು. ಸ್ವಂತ ಮನೆ ಕೊಂಡು ಹಿತ್ತಲಲ್ಲಿ ಮೆಂತ್ಯ ಬೆಳೆದುಕೊಂಡಿರುವ ಹಳಬರು ಒಂದು ಕಡೆ, ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗುವ ಐಟಿ ಹುಡುಗರು ಇನ್ನೊಂದು ಕಡೆ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಶನಿವಾರ ಬೆಳಿಗ್ಗೆ ಕೊಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಸಂಘಕ್ಕೊಂದು ಕೋಣೆ ಕೊಡುತ್ತಾರೆ. ಅಲ್ಲಿ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ನಾನು ಕನ್ನಡದಲ್ಲಿ ಕೇಳಿದರೆ ಅವರು ಸ್ವೀಡಿಷ್‌ನಲ್ಲಿ ಉತ್ತರಿಸುತ್ತಿದ್ದರು, ಆದರೂ ಬರುತ್ತಿದ್ದರು. ಆ ಕೋಣೆ ಹಳಬರಿಗೆ ಭಜನೆಗೆ ಬೇಕಿತ್ತು, ಹುಡುಗರಿಗೆ ಡ್ಯಾನ್ಸ್ ಪ್ರಾಕ್ಟೀಸಿಗೆ. ಯಾರು ಗೆದ್ದರೂ ನನ್ನ ತರಗತಿಗೆ ಕುತ್ತು. ಸಿಟ್ಟು ಬಂತು, ನಿಂತೆ. ನನ್ನ ಹಿಂದೆ ಯಾರೂ ಇರಲಿಲ್ಲ.

ಯಾರು ನಂಬುತ್ತಾರೆ? ಹಳಬರ ಮುಖಂಡರು ಫೋನ್ ಮಾಡಿ, "ಏನಮ್ಮಾ, ನಮ್ ವೋಟ್ ಒಡಿಯೋಕೆ ಆ ಹುಡುಗ್ರು ನಿನ್ನ ನಿಲ್ಸಿದ್ರಾ?" ಎಂದರು. ಮಾರನೆಯ ದಿನ ಹುಡುಗರ ನಾಯಕ ಫೀಕಾಗೆಂದು, ಅಂದರೆ ಇಲ್ಲಿನವರ ಕಾಫಿ-ತಿಂಡಿಗೆಂದು, ಕರೆದ. ಕಾಫಿ ತರಿಸಿ, ದಾಲ್ಚಿನ್ನಿ ಬನ್ನಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಅಕ್ಕಾ, ಫ್ರಾಂಕ್ ಆಗಿ ಹೇಳಿ, ಇದು ಅಂಕಲ್‌ಗಳ ಪ್ಲ್ಯಾನ್ ತಾನೇ?" ಎಂದ. "ನಿನ್ ಬನ್ ನೀನೇ ತಿನ್ನಪ್ಪಾ" ಎಂದು ಎದ್ದು ಬಂದೆ. ಬನ್ನಿನ ಮೇಲೆ ಆಸೆಯೇನೋ ಇತ್ತು.

ಆಮೇಲೆ ನನಗೂ ಎಲ್ಲರ ಮೇಲೆ ಅನುಮಾನ ಶುರುವಾಯಿತು. ಮಕ್ಕಳನ್ನು ಬಿಡಲು ಬರುವ ತಾಯಂದಿರು "ನಮ್ ವೋಟ್ ನಿಮ್ಗೇ ಅಕ್ಕಾ" ಎಂದರೆ, ಕೇಳದಿದ್ದರೂ ಯಾಕೆ ಹೇಳುತ್ತಿದ್ದಾರೆ ಎನಿಸುತ್ತಿತ್ತು. ಒಬ್ಬಳು ಚಕ್ಕುಲಿ ತಂದುಕೊಟ್ಟಳು. ಡಬ್ಬಿ ಮಾತ್ರ ಹಳಬರ ಮುಖಂಡರ ಮನೆಯದು. ಗಣೇಶನ ಹಬ್ಬಕ್ಕೆ ಅವರ ಮನೆಯಿಂದ ಕೋಸಂಬರಿ ಬಂದಿದ್ದು ಅದರಲ್ಲೇ. ಚಕ್ಕುಲಿ ತಿಂದೆ, ಅವಳನ್ನು ಮನಸ್ಸಿನಲ್ಲೇ ಆ ಕಡೆಗೆ ಸೇರಿಸಿದೆ.

ಮತದಾನ ಇಲ್ಲಿನ ಪದ್ಧತಿಯಂತೆಯೇ ನಡೆಯಿತು. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಚೀಟಿಯ ಕಟ್ಟು. ಯಾರಿಗೆ ಹಾಕುತ್ತಾರೆಂದು ಗೊತ್ತಾಗದಿರಲಿ ಎಂದು ಎಲ್ಲರೂ ಮೂರೂ ಕಟ್ಟಿನಿಂದ ಒಂದೊಂದು ಎತ್ತಿಕೊಂಡು ಪರದೆಯ ಹಿಂದೆ ಹೋಗಿ ಒಂದನ್ನಷ್ಟೇ ಲಕೋಟೆಗೆ ಹಾಕಿದರು. ನಾನು ಬಾಗಿಲ ಬಳಿ ನಿಂತು, ಯಾರ ಕೈ ನನ್ನ ಕಟ್ಟಿನ ಮುಂದೆ ತಡವರಿಸುತ್ತದೆ ಎಂದು ನೋಡುತ್ತಿದ್ದೆ.

ಹಳಬರು ಒಂದೇ ಒಂದು ಮತದಿಂದ ಗೆದ್ದರು. ನನಗೆ ಬಿದ್ದ ಮತ, ತರಗತಿಗೆ ಮಕ್ಕಳನ್ನು ಕಳಿಸುವ ಮನೆಗಳಿಗಿಂತ ಕಡಿಮೆ. ಮುಂದಿನ ಶನಿವಾರದಿಂದ ಕೋಣೆಯಲ್ಲಿ ಭಜನೆ ಎಂದು ಗ್ರೂಪಿನಲ್ಲಿ ಮೆಸೇಜೂ ಬಂತು.

ಆ ಸಂಜೆ ಬೀನ್ಸ್ ಹೆಚ್ಚುತ್ತಾ ನಾನು ಒಬ್ಬೊಬ್ಬರನ್ನೇ ಹಿಡಿದು ಬೈಯುತ್ತಿದ್ದೆ. "ಆ ಚಕ್ಕುಲಿಯವ್ಳು ಹಾಕಿಲ್ಲ. ಅವಳಿ ಮಕ್ಕಳ ಅಮ್ಮನೂ ಹಾಕಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ."

ಪಕ್ಕದಲ್ಲಿ ನನ್ನ ಗಂಡ ಪಾತ್ರೆ ಒರೆಸುತ್ತಿದ್ದರು. "ನಾನೂ ಹಾಕಿಲ್ಲ ಕಣೇ" ಎಂದರು.

ತಮಾಷೆ ಎಂದುಕೊಂಡೆ. ಅವರು ನಗಲಿಲ್ಲ.

"ನೀನಂತೂ ಗೆಲ್ತಿರ್ಲಿಲ್ಲ. ನಿಂಗೆ ಹಾಕಿದ್ರೆ ವೋಟ್ ವೇಸ್ಟು. ಆ ಹುಡುಗ್ರು ಬಂದ್ಬಿಟ್ರೆ ಕಷ್ಟ ಅಂತ ಅಂಕಲ್‌ಗೆ ಹಾಕ್ದೆ. ಅವ್ರು ಒಂದೇ ವೋಟಲ್ಲಿ ಗೆಲ್ತಾರೆ ಅಂತ ಯಾರಿಗ್ಗೊತ್ತಿತ್ತು?"

ಸೋತಾಗ ಬರದಿದ್ದ ಅಳು ಆಗ ಬಂತು. ಅಷ್ಟೂ ಜನರನ್ನು ಅನುಮಾನಿಸಿದ್ದೆ, ಈ ಒಬ್ಬ ಮನುಷ್ಯನನ್ನು ಬಿಟ್ಟು. ಅಪ್ಪ ಕೂಡ, ಯಾರಿಗೆ ಹಾಕಿದೆ ಎಂದು ಅಮ್ಮನನ್ನು ಎಂದೂ ಕೇಳಿದವರಲ್ಲ.

ಶನಿವಾರದ ತರಗತಿಯನ್ನು ನಮ್ಮ ಮನೆಯ ಹಾಲ್‌ನಲ್ಲೇ ಇಟ್ಟುಕೊಂಡೆ. ಬೆಳಿಗ್ಗೆ ಸೋಫಾ ಗೋಡೆಗೆ ಸರಿಸುತ್ತಿದ್ದಾಗ ನನ್ನ ಗಂಡ ಅಂಗಿಯ ತೋಳು ಮಡಚಿಕೊಂಡು ಸಹಾಯಕ್ಕೆ ಬಂದರು.

"ಬೇಡ ಬಿಡ್ರೀ," ಎಂದೆ. "ನೀವು ಭಜನೆಗೆ ಹೋಗಿ. ಗೆದ್ದೋರೆಲ್ಲ ಅಲ್ಲಿದಾರೆ."